ಅಣುವಿನ ಶಕ್ತಿ ಹುಡುಕುವ ಜೋಡಿ ಕಂಪ್ಯೂಟರ್

ವಿಶ್ವದಲ್ಲಿ ಮೊಟ್ಟಮೊದಲು ರೂಪುಗೊಂಡ ಅಣು ಹೀಲಿಯಂ ಹೈಡ್ರೈಡ್ ಅಯಾನು ಎಂದು ಖಗೋಳ ವಿಜ್ಞಾನಿಗಳು ನಂಬುತ್ತಾರೆ. ಅದರಲ್ಲಿರುವುದು ಎರಡು ಪರಮಾಣು, ಎರಡೇ ಎಲೆಕ್ಟ್ರಾನು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಪುಟ್ಟ ಕ್ವಾಂಟಮ್ ಚಿಪ್ಪೂ ಒಂದು ಮಾಮೂಲಿ ಕಂಪ್ಯೂಟರೂ ಜೊತೆಗೂಡಿ ಇದೇ ಅಣುವಿನ ಶಕ್ತಿಯನ್ನು ಲೆಕ್ಕ ಹಾಕಿದ ವರದಿ 2014ರಲ್ಲಿ ಪ್ರಕಟವಾಯಿತು. ಆ ವಿಧಾನಕ್ಕೆ ‘ವಿಕ್ಯೂಇ’ (ವೇರಿಯೇಷನಲ್ ಕ್ವಾಂಟಮ್ ಐಗನ್‌ಸಾಲ್ವರ್) ಎಂದು ಹೆಸರು.

ಅಣುವಿನ ಅತಿ ಕೆಳಗಿನ ಶಕ್ತಿಮಟ್ಟ ನಿಖರವಾಗಿ ಗೊತ್ತಾದರೆ ಅದರ ಬಂಧ ಎಷ್ಟು ಗಟ್ಟಿ, ಯಾವುದರ ಜೊತೆ ಹೇಗೆ ವರ್ತಿಸುತ್ತದೆ ಎಂಬುದೆಲ್ಲ ತಿಳಿಯುತ್ತದೆ. ತೊಡಕಿರುವುದು ಎಲೆಕ್ಟ್ರಾನುಗಳಲ್ಲಿ. ಒಂದರ ನಡೆ ಉಳಿದೆಲ್ಲವುಗಳ ನಡೆಗೆ ತಳುಕು ಹಾಕಿಕೊಂಡಿರುತ್ತದೆ. ಇಂಥ ತಳುಕನ್ನು ಹಿಡಿದಿಡಬಲ್ಲ ಕ್ವಾಂಟಮ್ ಚಿಪ್ಪಿನ ಮೂಲ ಘಟಕವೇ ಕ್ಯೂಬಿಟ್. 50 ಕ್ಯೂಬಿಟ್‌ಗಳ ಸ್ಥಿತಿಯನ್ನು ಮಾಮೂಲಿ ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಬರೆದಿಡಬೇಕೆಂದರೆ ಸುಮಾರು 1,125 ಲಕ್ಷ ಕೋಟಿ ಸಂಖ್ಯೆಗಳು ಬೇಕು. ಇನ್ನೊಂದು ಕ್ಯೂಬಿಟ್ ಸೇರಿದರೆ ಅದೂ ಇಮ್ಮಡಿ.

ಹಾಗಾಗಿ ಕೆಲಸ ಹಂಚಿಕೆಯಾಗುತ್ತದೆ. ಬರೆದಿಡಲಾಗದ ಆ ಸ್ಥಿತಿಯನ್ನು ಕ್ವಾಂಟಮ್ ಚಿಪ್ ತನ್ನೊಳಗೇ ಕಟ್ಟಿ ಅಳತೆಗೆ ಕೊಡುತ್ತದೆ. ಒಂದು ಸಲದ ಅಳತೆಯಲ್ಲಿ ಪ್ರತಿ ಕ್ಯೂಬಿಟ್‌ನಿಂದ ಸಿಗುವುದು ಬರೀ 0 ಅಥವಾ 1. ಸಾವಿರಾರು ಸಲ ಅಳೆದು ಸರಾಸರಿ ತೆಗೆದಾಗಲೇ ಶಕ್ತಿಯ ಅಂದಾಜು ಕೈಗೆ ಬರುತ್ತದೆ. ಅದನ್ನು ನೋಡಿ ಮಾಮೂಲಿ ಕಂಪ್ಯೂಟರ್ ಚಿಪ್ಪನ್ನು ಮುಂದೆ ಹೇಗೆ ಹೊಂದಿಸಬೇಕೆಂದು ತೀರ್ಮಾನಿಸುತ್ತದೆ. ತಂಬೂರಿಯ ತಂತಿ ಮೀಟಿ, ಕಿವಿಗೊಟ್ಟು, ಬಿರಡೆ ತಿರುಗಿಸಿ ಶ್ರುತಿ ಹಿಡಿಯುವ ಹಾಗೆ. ಬೆಳಕಿನ ಕಣಗಳಾದ ಫೋಟಾನುಗಳಿಂದ ನಡೆಯುವ ಬ್ರಿಸ್ಟಲ್ ಚಿಪ್ಪಿನಲ್ಲಿ ಬಿರಡೆಯ ಕೆಲಸ ಮಾಡಿದ್ದು ಸೂಕ್ಷ್ಮ ಹೀಟರ್‌ಗಳು: ಅವು ಕೊಂಚ ಬಿಸಿಯಾದರೆ ಬೆಳಕಿನ ದಾರಿಯ ಗುಣ ಬದಲಾಗಿ, ಫೋಟಾನುಗಳ ಸ್ಥಿತಿಯೂ ಬದಲಾಗುತ್ತದೆ.

ಉತ್ತರ ಹತ್ತಿರವಾಗುತ್ತಿದೆ ಎಂದು ತಿಳಿಯುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ಹಳೆಯ ರೇಲೀ–ರಿಟ್ಜ್ ತತ್ತ್ವ. ಯಾವುದೇ ಸ್ಥಿತಿಯನ್ನು ಊಹಿಸಿಕೊಳ್ಳಿ, ಅದರ ಸರಾಸರಿ ಶಕ್ತಿ ನಿಜವಾದ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿಯಲಾರದು. ಆದ್ದರಿಂದ ಇಳಿದಷ್ಟೂ ಉತ್ತರ ಹತ್ತಿರವಾದಂತೆ.

2017ರಲ್ಲಿ ಐಬಿಎಂ ವಿಜ್ಞಾನಿಗಳು ಆರು ಕ್ಯೂಬಿಟ್ ಬಳಸಿ ಬೆರಿಲಿಯಂ ಹೈಡ್ರೈಡ್‌ವರೆಗೆ ಬಂದರು. ಇವೆಲ್ಲ ಮಾಮೂಲಿ ಕಂಪ್ಯೂಟರ್ ಒಂದೇ ಬಿಡಿಸಬಲ್ಲ ಲೆಕ್ಕಗಳು. ಹೊಸ ವಿಧಾನವನ್ನು ಒರೆಗೆ ಹಚ್ಚಲು ಅಂಥವೇ ಬೇಕಿತ್ತು. ನಿಜವಾದ ಗುರಿ ದೊಡ್ಡದು. ಒಂದು ಉದಾಹರಣೆ: ದ್ವಿದಳ ಬೆಳೆಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳು ಕಬ್ಬಿಣ–ಮಾಲಿಬ್ಡಿನಂ ಇರುವ ಕಿಣ್ವದಿಂದ, ಮಣ್ಣಿನ ತಂಪಿನಲ್ಲೇ, ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುತ್ತವೆ. ಗೊಬ್ಬರ ಕಾರ್ಖಾನೆಗೆ ಅದಕ್ಕೆ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ಆ ಕಿಣ್ವದ ಒಳಗುಟ್ಟು ಇಂದಿನ ಚಿಪ್‌ಗಳ ಅಳವಿಗೆ ಮೀರಿದ್ದು. ಅಳತೆಯ ತಪ್ಪನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಅಳತೆಗಳು ಬೇಕು. ಚಿಪ್ಪಿನ ದೋಷ ಬೆರೆತರೆ ರಿಟ್ಜ್ ತತ್ತ್ವದ ಭರವಸೆಯೂ ಸಡಿಲವಾಗುತ್ತದೆ.

ಆದರೂ ಈ ದಾರಿಯ ಮೇಲೆ ನನಗೆ ನಂಬಿಕೆಯಿದೆ. ದೋಷ ಹತೋಟಿಗೆ ಬಂದರೆ, ಸರಿಯುತ್ತರ ಜಗತ್ತಿನಲ್ಲಿ ಯಾರಿಗೂ ಗೊತ್ತಿಲ್ಲದ ಅಣುವಿನಲ್ಲೂ ಎರಡು ಉತ್ತರಗಳ ಪೈಕಿ ಯಾವುದು ಮೇಲು ಎಂದು ಹೇಳಬಹುದು: ಕೆಳಗಿನ ಶಕ್ತಿ ತೋರಿಸಿದ್ದೇ ಮೇಲು.