ಅಮರಗೋಳದ ನೆರೆಯ ಅಡುಗೆಮನೆ: ಸರ್ಕಾರದ ಅಕ್ಕಿ, ಸಂಸ್ಥೆಯ ಒಲೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯಲ್ಲಿ ಉಣಕಲ್, ಭೈರಿದೇವರಕೊಪ್ಪಗಳನ್ನು ದಾಟಿದ ಮೇಲೆ ಸಿಗುವ ಅಮರಗೋಳವು ಇತಿಹಾಸದ ವಿದ್ಯಾರ್ಥಿಗಳಿಗೆ ಶಂಕರಲಿಂಗ ಮತ್ತು ಬನಶಂಕರಿಯರ ಹಳೆಯ ದೇವಾಲಯದಿಂದಲೂ, ರೈತರಿಗೆ ಮತ್ತು ದಲಾಲರಿಗೆ ಎಪಿಎಂಸಿ ಯಾರ್ಡಿನಿಂದಲೂ ಪರಿಚಿತವಾದ ಊರು. ಇಲ್ಲಿಂದ ಧಾರವಾಡದ ಕಡೆಗೆ ಸ್ವಲ್ಪವೇ ಮುಂದೆ, ರಾಯಾಪುರದ ಇಸ್ಕಾನ್ ಆವರಣದಲ್ಲಿ, ಅಕ್ಷಯ ಪಾತ್ರ ಪ್ರತಿಷ್ಠಾನದ ಅಡುಗೆಮನೆ ಇದ್ದು, ಅವಳಿ ನಗರದ ಹಾಗೂ ಸುತ್ತಲಿನ ಸರ್ಕಾರಿ ಶಾಲೆಗಳ ಮಧ್ಯಾಹ್ನದ ಊಟ ಸುಮಾರು ಎರಡು ದಶಕಗಳಿಂದ ಇಲ್ಲಿಯೇ ಬೇಯುತ್ತಿದೆ. ಸಾರ್ವಜನಿಕ ಹಣ ಮತ್ತು ಖಾಸಗಿ ದಾನ ಒಂದೇ ಕಡಾಯಿಯಲ್ಲಿ ಬೆರೆಯುವ ಈ ವ್ಯವಸ್ಥೆಯು 2020ರ ಕೊರೊನಾ ಕಾಲದಲ್ಲಿ ಶಾಲೆಗಳ ಗೇಟು ದಾಟಿ ಊರಿನ ಹಸಿವಿಗೂ ಒದಗಿ ಬಂದಿತು. ಆ ಒದಗುವಿಕೆ ಹೇಗೆ ಸಾಧ್ಯವಾಯಿತು, ಅದರಲ್ಲಿ ಸ್ಥಳೀಯ ಸರ್ಕಾರದ ಪಾಲು ಏನು, ಯಾವ ಕೊಂಡಿ ಸಡಿಲವಾಗಿತ್ತು ಎಂಬುದನ್ನು ತಿಳಿಯಬೇಕಾದರೆ ಮೊದಲು ಅಡುಗೆಮನೆಯ ಒಳಗನ್ನೂ ಅದರ ಲೆಕ್ಕವನ್ನೂ ನೋಡಬೇಕಾಗುತ್ತದೆ.

ಅಕ್ಷಯ ಪಾತ್ರವು 2000ದ ಜೂನ್ ತಿಂಗಳಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರೊಂದಿಗೆ ಆರಂಭವಾಯಿತು. ಮರುವರ್ಷ, 2001ರ ನವೆಂಬರ್ 28ರಂದು, ಸರ್ಕಾರಿ ಹಾಗೂ ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದಾಗ ರಾಜ್ಯಗಳಿಗೆ ಅಡುಗೆಯ ಏರ್ಪಾಡು ಅನಿವಾರ್ಯವಾಯಿತು. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಜಾರಿಗೆ ಬಂದು, ಹಳ್ಳಿಗಳ ಶಾಲೆಗಳಲ್ಲಿ ಬಿಸಿಯೂಟದ ಅಕ್ಕಂದಿರು ಒಲೆ ಹೊತ್ತಿಸಿದರೆ, ನಗರಗಳಲ್ಲಿ ಇಂಥ ಕೇಂದ್ರೀಕೃತ ಅಡುಗೆಮನೆಗಳಿಗೆ ಕೆಲಸವನ್ನು ಒಡಂಬಡಿಕೆಯ ಮೂಲಕ ವಹಿಸಲಾಯಿತು. ಹುಬ್ಬಳ್ಳಿಯವರೇ ಆದ ಉದ್ಯಮಿ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನದ ನೆರವು ರಾಯಾಪುರದ ಅಡುಗೆಮನೆಯ ಹಿಂದಿದೆ.

ಈ ಸಂಸ್ಥೆಯ ದೊಡ್ಡ ಅಡುಗೆಮನೆಗಳ ವಿನ್ಯಾಸವು ವಸ್ತುಗಳು ಮೇಲಿಂದ ಕೆಳಗೆ ತಾವಾಗಿಯೇ ಇಳಿಯುವ ತತ್ತ್ವವನ್ನು ಆಧರಿಸಿದೆ. ಮೇಲಿನ ಅಂತಸ್ತಿನಲ್ಲಿ ಅಕ್ಕಿ, ಬೇಳೆಗಳನ್ನು ಹಸನು ಮಾಡಿ, ತರಕಾರಿಯನ್ನು ತೊಳೆದು ಹೆಚ್ಚಿ ಇಟ್ಟರೆ, ಅವು ಕೊಳವೆಗಳ ಮೂಲಕ ಕೆಳಗಿನ ಅಂತಸ್ತಿನ ಸ್ಟೀಲ್ ಕಡಾಯಿಗಳಿಗೆ ಇಳಿಯುತ್ತವೆ. ಅಲ್ಲಿ ಬೆಂಕಿಯ ಬದಲು ಬಾಯ್ಲರಿನಿಂದ ಬರುವ ಹಬೆಯಲ್ಲಿ ಬೇಯುತ್ತವೆ. ಬೆಂದದ್ದು ನೆಲಮಹಡಿಗೆ ಇಳಿದು, ಡಬ್ಬಿಗಳಲ್ಲಿ ತುಂಬಿ, ಬಿಸಿ ಆರದಂತೆ ಹೊದಿಕೆ ಹಾಕಿದ ವಾಹನಗಳನ್ನು ಏರುತ್ತದೆ. ಅನ್ನದ ಕಡಾಯಿಯೊಂದು ಕನಿಷ್ಠ 500 ಲೀಟರ್ ಹಿಡಿದರೆ ಸಾಂಬಾರಿನ ಕಡಾಯಿ 1,200 ಲೀಟರಿಗೆ ಕಡಿಮೆ ಇರುವುದಿಲ್ಲ. ಮಕ್ಕಳ ಊಟದ ವೇಳೆಗೆ ದೂರದ ಶಾಲೆಗೂ ಡಬ್ಬಿ ತಲುಪಬೇಕಾದ್ದರಿಂದ ಕೆಲಸವು ಬೆಳಕು ಹರಿಯುವ ಮೊದಲೇ ಆರಂಭವಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿಗಳು ಈ ಕಡಾಯಿಗೆ ಬೀಳುವುದಿಲ್ಲ. ಸಂಸ್ಥೆಯ ಧಾರ್ಮಿಕ ನಿಲುವಿನಿಂದ ಬಂದ ಈ ನಿಯಮವು 2018–19ರಲ್ಲಿ ರಾಜ್ಯದಾದ್ಯಂತ ಚರ್ಚೆಗೆ ಕಾರಣವಾಯಿತು. ಖಾರ, ಬೆಳ್ಳುಳ್ಳಿಗಳಿಲ್ಲದ ಊಟವನ್ನು ಊಟವೆಂದೇ ಒಪ್ಪದ ಉತ್ತರ ಕರ್ನಾಟಕದ ನಾಲಿಗೆಗೆ ಇದು ಸಣ್ಣ ವಿಷಯವಲ್ಲ. ಸಾರ್ವಜನಿಕ ಹಣದಲ್ಲಿ ಬೇಯುವ ಊಟದ ರುಚಿಯನ್ನು ನಿರ್ಧರಿಸುವ ಹಕ್ಕು ಯಾರದು ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ಇನ್ನೂ ದೊರೆತಿಲ್ಲವೆಂದೇ ಹೇಳಬೇಕು.

ಇನ್ನು ಲೆಕ್ಕ. ಮಧ್ಯಾಹ್ನದ ಊಟಕ್ಕಾಗಿ ಭಾರತೀಯ ಆಹಾರ ನಿಗಮವು ದಿನಕ್ಕೆ ಪ್ರಾಥಮಿಕ ಶಾಲೆಯ ಮಗುವಿಗೆ 100 ಗ್ರಾಂ, ಹಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ 150 ಗ್ರಾಂ ಧಾನ್ಯವನ್ನು ಉಚಿತವಾಗಿ ಕೊಡುತ್ತದೆ. ಬೇಳೆ, ಎಣ್ಣೆ, ತರಕಾರಿ, ಉರುವಲುಗಳಿಗೆಂದು ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಭರಿಸುವ ಮೊತ್ತಕ್ಕೆ ಅಡುಗೆ ವೆಚ್ಚವೆಂದು ಹೆಸರು. 2020ರ ಏಪ್ರಿಲಿನಿಂದ ಅದು ಮಗುವೊಂದಕ್ಕೆ ಕ್ರಮವಾಗಿ 4.97 ಮತ್ತು 7.45 ರೂಪಾಯಿ ಇತ್ತು. ಐದು ರೂಪಾಯಿಗೆ ಒಂದು ಕಪ್ ಚಹಾ ಸಹ ಸಿಗುವುದು ಕಷ್ಟವಾಗಿದ್ದ ಕಾಲದಲ್ಲಿ ಇಷ್ಟರಲ್ಲಿಯೇ ಅಡುಗೆ ಮುಗಿಸುವುದು ಸಾಧ್ಯವಿಲ್ಲವಾದ್ದರಿಂದ, ಉಳಿದ ಖರ್ಚನ್ನೂ ಕಟ್ಟಡ ಮತ್ತು ಯಂತ್ರಗಳ ವೆಚ್ಚವನ್ನೂ ಸಂಸ್ಥೆಯು ದಾನಿಗಳಿಂದ ಮತ್ತು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ ತುಂಬಿಕೊಳ್ಳುತ್ತದೆ. ಅಂದರೆ ಅಕ್ಕಿ ಸರ್ಕಾರದ್ದು, ಒಲೆ ಸಂಸ್ಥೆಯದು, ನಡುವಿನ ಕೊರತೆ ದಾನಿಯದು.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಮಕ್ಕಳಿಗೆ ಸಲ್ಲಬೇಕಾದ ಊಟದ ಬದಲು ಅಕ್ಕಿ, ಬೇಳೆಗಳನ್ನೇ ಮನೆಗೆ ಕೊಡುವ ಪದ್ಧತಿ ಬಂದುದರಿಂದ ದೊಡ್ಡ ಅಡುಗೆಮನೆಗಳ ಬಾಯ್ಲರುಗಳೂ ವಾಹನಗಳೂ ಬಿಡುವಾದವು. ಅದೇ ಹೊತ್ತಿಗೆ ಕೂಲಿ ನಿಂತುಹೋದ ಕಟ್ಟಡ ಕಾರ್ಮಿಕರು, ಊರಿಗೆ ಮರಳಲಾಗದೆ ಉಳಿದ ವಲಸಿಗರು, ಬೀದಿ ವ್ಯಾಪಾರಿಗಳು ಊಟಕ್ಕಾಗಿ ಪರರ ಕಡೆ ನೋಡುವಂತಾಯಿತು. ಅಮರಗೋಳದ ಯಾರ್ಡಿನಂಥ ಮಾರುಕಟ್ಟೆಗಳಿಗೆ ಕೇಂದ್ರ ಗೃಹ ಸಚಿವಾಲಯವು ಮಾರ್ಚ್ 27ರಂದು ಲಾಕ್‌ಡೌನ್‌ನಿಂದ ವಿನಾಯಿತಿ ಕೊಟ್ಟಿತಾದ್ದರಿಂದ ದವಸ, ತರಕಾರಿಗಳ ಸರಪಳಿ ಪೂರ್ತಿ ಕಡಿದುಹೋಗಲಿಲ್ಲ. ಅಕ್ಷಯ ಪಾತ್ರವು ಹುಬ್ಬಳ್ಳಿಯೂ ಸೇರಿದಂತೆ ತನ್ನ ಕೇಂದ್ರಗಳನ್ನು ಎರಡು ಬಗೆಯ ಕೆಲಸಕ್ಕೆ ತಿರುಗಿಸಿತು: ಒಂದು, ಬೇಯಿಸಿದ ಊಟದ ಪೊಟ್ಟಣ, ಇನ್ನೊಂದು, ಸ್ವಂತ ಒಲೆ ಇರುವ ಮನೆಗಳಿಗೆ ಅಕ್ಕಿ, ಬೇಳೆ, ಎಣ್ಣೆ, ಮಸಾಲೆಗಳ ಕಿಟ್. ಡಬ್ಬಿಯಲ್ಲಿ ಶಾಲೆಗೆ ಹೋಗುತ್ತಿದ್ದ ಅನ್ನವನ್ನು ಪೊಟ್ಟಣ ಕಟ್ಟಿ ಒಬ್ಬೊಬ್ಬರ ಕೈಗೆ ಕೊಡುವುದು ಯಂತ್ರಕ್ಕೆ ಸಾಧ್ಯವಿಲ್ಲದ, ಹೆಚ್ಚು ಜನ ಕೂಡಿ ಮಾಡಬೇಕಾದ ಕೆಲಸ. ಜನ ಕೂಡಬಾರದೆಂಬುದೇ ಆ ಕಾಲದ ಕಟ್ಟಳೆ.

ಇಂಥ ಕೆಲಸಕ್ಕೆ ಸರ್ಕಾರದ ಹಣ ಹರಿಯುವ ದಾರಿಗಳು ಮೂರು. ಮೊದಲನೆಯದು ರಾಜ್ಯ ವಿಪತ್ತು ಪರಿಹಾರ ನಿಧಿ. ನೆರೆ, ಬರಗಳಿಗಾಗಿ ಕೇಂದ್ರ ಮತ್ತು ರಾಜ್ಯಗಳು ಕೂಡಿ ಕಟ್ಟಿರುವ ಈ ನಿಧಿಯನ್ನು ಕೊರೊನಾಕ್ಕೂ ಬಳಸಲು 2020ರ ಮಾರ್ಚ್ 14ರಂದು ದಾರಿ ತೆರೆಯಿತು. 28ರಂದು ವಲಸೆ ಕಾರ್ಮಿಕರು ಮತ್ತು ನಿರಾಶ್ರಿತರ ತಾತ್ಕಾಲಿಕ ವಸತಿ, ಊಟ, ಬಟ್ಟೆ, ಔಷಧಗಳನ್ನು ಅದರ ವ್ಯಾಪ್ತಿಗೆ ಸೇರಿಸಲಾಯಿತು. ಎರಡನೆಯದು ಅಗ್ಗದ ಧಾನ್ಯ: ಏಪ್ರಿಲ್ 8ರ ನಿರ್ಧಾರದಂತೆ ಸ್ವಯಂಸೇವಾ ಸಂಸ್ಥೆಗಳು ಹರಾಜಿನ ಗೊಡವೆಯಿಲ್ಲದೆ ಆಹಾರ ನಿಗಮದ ಗೋದಾಮಿನಿಂದ ಕಿಲೋಗೆ 22 ರೂಪಾಯಿಯಂತೆ ಅಕ್ಕಿಯನ್ನೂ 21 ರೂಪಾಯಿಯಂತೆ ಗೋಧಿಯನ್ನೂ ನೇರವಾಗಿ ಕೊಳ್ಳಬಹುದಾಯಿತು. ಮೂರನೆಯದು ಸ್ಥಳೀಯ ಸಂಸ್ಥೆಯ ಸ್ವಂತ ಕೈ. ಸಹಕಾರಿ ಒಕ್ಕೂಟಗಳಲ್ಲಿ ಉಳಿದ ಹಾಲನ್ನು ರಾಜ್ಯ ಸರ್ಕಾರ ಕೊಂಡು ಕೊಳೆಗೇರಿಗಳಿಗೆ ಹಂಚಿದ್ದು ನಗರ ಸಂಸ್ಥೆಗಳ ಸಿಬ್ಬಂದಿಯ ಮೂಲಕವೇ; ಇಂದಿರಾ ಕ್ಯಾಂಟೀನುಗಳ ಖರ್ಚಿನಲ್ಲಿಯೂ ಅವುಗಳ ಪಾಲಿದೆ. ಟೆಂಡರ್ ಕರೆಯುವಷ್ಟು ಸಮಯವಿಲ್ಲದ ಹೊತ್ತಿನಲ್ಲಿ ನೇರ ಖರೀದಿಗೆ ಅವಕಾಶ ಕೊಡುವ ಕಲಮುಗಳು 2005ರ ವಿಪತ್ತು ನಿರ್ವಹಣಾ ಅಧಿನಿಯಮದಲ್ಲಿಯೂ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ರಾಜ್ಯವು 1999ರಲ್ಲಿ ಮಾಡಿದ ಅಧಿನಿಯಮದಲ್ಲಿಯೂ ಇವೆ. ಈ ವಿನಾಯಿತಿ ಅಗತ್ಯವೇ ಸರಿ. ಆದರೆ ಮೊದಲೇ ಒಡಂಬಡಿಕೆಯಿದ್ದು, ದರವೂ ತೂಕವೂ ಗೊತ್ತಿರುವ ಸಂಸ್ಥೆಯ ಬಳಿಗೆ ಹೋಗುವ ಆಡಳಿತಕ್ಕೂ, ವಿಪತ್ತು ಬಂದ ಮೇಲೆ ಸಂಸ್ಥೆಯನ್ನು ಹುಡುಕಲು ಹೊರಡುವ ಆಡಳಿತಕ್ಕೂ ಬಹಳ ಅಂತರವಿದೆ. ಅವಳಿ ನಗರಕ್ಕೆ ಮೊದಲಿನ ಅನುಕೂಲ ಇದ್ದುದು ಶಾಲೆಯ ಊಟದ ದೆಸೆಯಿಂದ.

ಈ ಸೀಮೆಗೆ ಸಾಂಕ್ರಾಮಿಕ ಹೊಸದಲ್ಲ. 1898ರ ಪ್ಲೇಗಿನಲ್ಲಿ ಹುಬ್ಬಳ್ಳಿಯು ಹಾಫ್‌ಕಿನ್ನರ ಚುಚ್ಚುಮದ್ದಿನ ದೊಡ್ಡ ಪ್ರಯೋಗಕ್ಕೆ ಸಾಕ್ಷಿಯಾಗಿ, ಸುಮಾರು 50,000 ಜನಸಂಖ್ಯೆಯ ಊರಿನಲ್ಲಿ ಮೇ ತಿಂಗಳಿಂದ ಸೆಪ್ಟೆಂಬರಿನೊಳಗೆ ಸರ್ಜನ್ ಲ್ಯೂಮನ್ನರ ನೇತೃತ್ವದಲ್ಲಿ ಸುಮಾರು 38,000 ಜನರಿಗೆ ಮದ್ದು ಚುಚ್ಚಲಾಯಿತು. ಆಗ ಪುರಸಭೆ ಇತ್ತು, 1855ರಿಂದಲೇ ಇತ್ತು. 2020ರಲ್ಲಿ ಮಾತ್ರ ಅವಳಿ ನಗರಕ್ಕೆ ಚುನಾಯಿತ ಪಾಲಿಕೆಯೇ ಇರಲಿಲ್ಲವೆಂಬುದು ಅನೇಕರು ಗಮನಿಸದೇ ಬಿಟ್ಟ ಸಂಗತಿ. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2019ರ ಮಾರ್ಚಿನಲ್ಲಿ ಮುಗಿದು, ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಕೊರೊನಾದ ಎರಡೂ ದೊಡ್ಡ ಅಲೆಗಳು ಈ ನಡುವೆಯೇ ಬಂದುಹೋದವು. ಸಾಂಕ್ರಾಮಿಕ ರೋಗ ತಡೆಯುವುದು ಪಾಲಿಕೆಯ ಕಡ್ಡಾಯ ಕರ್ತವ್ಯವೆಂದು 1976ರ ಪೌರನಿಗಮಗಳ ಅಧಿನಿಯಮ ಹೇಳಿದ್ದರೂ, ಯಾವ ಓಣಿಗೆ ಪೊಟ್ಟಣ ತಲುಪಿಲ್ಲ, ಯಾವ ಪಟ್ಟಿಯಲ್ಲಿ ಹೆಸರು ಎರಡು ಸಲ ಬಂದಿದೆ ಎಂದು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯ ಆಗ ಇರಲಿಲ್ಲ. ಪರಿಹಾರವೆಲ್ಲ ಜಿಲ್ಲಾಧಿಕಾರಿಗಳ ಮತ್ತು ಆಯುಕ್ತರ ಕಚೇರಿಯ ಶ್ರಮದ ಮೇಲೆ ನಿಂತಿತು.

ನೆರೆಯ ಕೇರಳದ ಕ್ರಮ ಬೇರೆಯಾಗಿತ್ತು. ಕನ್ನಡಿಗರೂ ಇರುವ ಕಾಸರಗೋಡು ಸೇರಿದಂತೆ ಅಲ್ಲಿ ಪಂಚಾಯತಿ ಮತ್ತು ನಗರಸಭೆಗಳೇ ಸಮುದಾಯ ಅಡುಗೆಮನೆಗಳನ್ನು ತೆರೆದು, ಕುಟುಂಬಶ್ರೀ ಮಹಿಳಾ ಸಂಘಗಳಿಗೆ ಅಡುಗೆಯನ್ನು ಒಪ್ಪಿಸಿದವು. ಒಲೆ ಸಣ್ಣದು, ಆದರೆ ಅದರ ಲೆಕ್ಕ ಕೇಳಬಲ್ಲ ಚುನಾಯಿತ ಸದಸ್ಯ ಅದೇ ಬೀದಿಯವನು. ಇಂಗ್ಲೆಂಡಿನಲ್ಲಿ ಕೇಂದ್ರ ಸರ್ಕಾರವು 2020ರಲ್ಲಿ ಊಟ ಮತ್ತು ಅಗತ್ಯ ವಸ್ತುಗಳಿಗೆಂದು ಸ್ಥಳೀಯ ಕೌನ್ಸಿಲುಗಳಿಗೆ 6.3 ಕೋಟಿ ಪೌಂಡ್ ಕೊಟ್ಟು, ಸ್ಥಳೀಯ ದತ್ತಿ ಸಂಸ್ಥೆಗಳ ಮೂಲಕವೂ ಅದನ್ನು ಖರ್ಚು ಮಾಡಲು ಅವಕಾಶವಿತ್ತಿತು. ರಾಯಾಪುರದ ಮಾದರಿಗೆ ಇವೆರಡಕ್ಕಿಂತ ಹೆಚ್ಚು ಬೇಯಿಸುವ ಶಕ್ತಿಯಿದೆ. ಕೊರತೆ ಇರುವುದು ಲೆಕ್ಕ ಒಪ್ಪಿಸುವ ಜಾಗದಲ್ಲಿ. ಸಂಸ್ಥೆ ದೊಡ್ಡದಾದಷ್ಟೂ ಅದರ ಆಡಳಿತದ ಪ್ರಶ್ನೆಗಳು ಊರಿನಿಂದ ದೂರ ಸರಿಯುತ್ತವೆ: 2020ರಲ್ಲಿ ಅಕ್ಷಯ ಪಾತ್ರದ ಕೆಲವು ಸ್ವತಂತ್ರ ಟ್ರಸ್ಟಿಗಳು ರಾಜೀನಾಮೆ ಕೊಟ್ಟಾಗ ಆ ಚರ್ಚೆ ನಡೆದದ್ದು ಬೆಂಗಳೂರಿನಲ್ಲಿ. ಸಣ್ಣ ಸಂಸ್ಥೆಗಳ ಪಾಡು ಇನ್ನೂ ಕಷ್ಟದ್ದು. 2020ರ ಸೆಪ್ಟೆಂಬರಿನಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ಬಂದ ತಿದ್ದುಪಡಿಯಿಂದ, ದೊಡ್ಡ ಸಂಸ್ಥೆಯೊಂದು ತನಗೆ ಬಂದ ವಿದೇಶಿ ಹಣವನ್ನು ಊರಿನ ಸಣ್ಣ ಸಂಸ್ಥೆಗೆ ಹಂಚುವ ದಾರಿಯೇ ಮುಚ್ಚಿಹೋಯಿತು.

ಆದ್ದರಿಂದ ಮುಂದಿನ ವಿಪತ್ತಿಗೆ ಮುನ್ನ ಪಾಲಿಕೆಯು ಇಂಥ ಅಡುಗೆಮನೆಗಳೊಂದಿಗೆ ಊಟದ ದರ, ಪ್ರಮಾಣ, ಹಂಚಿಕೆಯ ಕ್ರಮಗಳನ್ನು ಬರೆದ ಒಡಂಬಡಿಕೆಯನ್ನು ಸಾಮಾನ್ಯ ಸಭೆಯಲ್ಲಿಯೇ ಮಂಜೂರು ಮಾಡಿ ಇಟ್ಟುಕೊಳ್ಳುವುದು, ಖರ್ಚಾದ ಮೇಲೆ ತನ್ನ 82 ವಾರ್ಡುಗಳ ಲೆಕ್ಕವನ್ನು ಪ್ರತ್ಯೇಕವಾಗಿ ಪ್ರಕಟಿಸುವುದು ಅವಶ್ಯ. ಸರ್ಕಾರದಿಂದ ಗಣನೀಯ ನೆರವು ಪಡೆಯುವ ಖಾಸಗಿ ಸಂಸ್ಥೆಗಳೂ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬರುತ್ತವೆಂದು ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿದೆ. ಪಾಲಿಕೆ ಪ್ರಕಟಿಸದಿದ್ದರೆ ನಾಗರಿಕರು ಕೇಳಬಹುದು: ಅರ್ಜಿಯ ಶುಲ್ಕ ಹತ್ತು ರೂಪಾಯಿ, ಕರ್ನಾಟಕದ ನಿಯಮದಂತೆ ಅದು 150 ಪದಗಳೊಳಗೆ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಉತ್ತರಿಸಲು ಕಚೇರಿಗೆ ಇರುವ ಅವಧಿ 30 ದಿನ.