ಏಡಿಯ ಪೊರೆ ಬಿಡಿಸುವ ಹುಲ್ಲು

ರೇಷ್ಮೆ ಹುಳುವಿಗೆ ನಾಲ್ಕು ಸಲ ‘ಜ್ವರ’ ಬರುತ್ತದೆ. ಸೊಪ್ಪು ಮುಟ್ಟದೆ, ತಲೆಯೆತ್ತಿ ಕದಲದೆ ಇದ್ದು, ಪೊರೆ ಕಳಚಿದ ಮೇಲೆ ಮತ್ತೆ ಮೇಯತೊಡಗುತ್ತದೆ. ಏಡಿಗೂ ಇದೇ ಜ್ವರ. ಚಿಪ್ಪು ಹಿಗ್ಗುವುದಿಲ್ಲವಾದ್ದರಿಂದ ಮೈ ಬೆಳೆಯಬೇಕಾದರೆ ಚಿಪ್ಪನ್ನೇ ಬಿಟ್ಟು ಬರಬೇಕು. ಹೊಸದು ಗಟ್ಟಿಯಾಗುವವರೆಗೆ ಅದು ಕಡುಬಿನಷ್ಟು ಮೆತ್ತಗೆ. ಆ ಹೊತ್ತಿನಲ್ಲಿ ಪಕ್ಕದ ಏಡಿಗೆ ಅದು ಬಂಧುವಲ್ಲ, ಊಟ.

ಚೀನಾದ ಜಿಯಾಂಗ್ಸು ಪ್ರಾಂತ್ಯದವರಿಗೆ ಇದು ದುಡ್ಡಿನ ಪ್ರಶ್ನೆ. ಮುಂಗಾಲಿನ ಇಕ್ಕುಳಗಳಿಗೆ ರೋಮದ ಕೈಗವಸು ತೊಡಿಸಿದಂತಿರುವ ಏಡಿಯನ್ನು ಅಲ್ಲಿ ಕೊಳಗಳಲ್ಲಿ ಸಾಕುತ್ತಾರೆ. ಸುಝೌ ಬಳಿಯ ಯಾಂಗ್‌ಚೆಂಗ್ ಸರೋವರದ್ದಕ್ಕೆ ಭಾರಿ ಹೆಸರು. ಮಾರಾಟಕ್ಕೆ ಬರುವ ವರ್ಷ ಅದು ಸುಮಾರು ಐದು ಸಲ ಪೊರೆ ಬಿಡುತ್ತದೆ. ಅಡಗಲು, ಮೇಯಲು ಕೊಳದ ತುಂಬ ನೀರುಗಿಡ ನೆಡುವುದು ಹಳೆಯ ಉಪಾಯ. ಎಲ್ಲವೂ ಒಟ್ಟಿಗೆ ಪೊರೆ ಬಿಡಲೆಂದು ಮೇವಿಗೆ ಸಸ್ಯದ ಸತ್ವ ಬೆರೆಸುವುದು ಹೊಸದು.

ಆ ಸತ್ವದ ಜಾಡು ಹಿಡಿದರೆ ಮತ್ತೆ ರೇಷ್ಮೆ ಹುಳುವಿನ ಹತ್ತಿರವೇ ಬರುತ್ತೇವೆ. 1954ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ಕೋಶಾವಸ್ಥೆಯ ರೇಷ್ಮೆ ಹುಳುಗಳನ್ನು ಅರೆದು, ಸೋಸಿ, ಕೊನೆಗೆ 25 ಮಿಲಿಗ್ರಾಂ ಹರಳು ಪಡೆದರು. ಪೊರೆ ಕಳಚಿಸುವ ಹಾರ್ಮೋನು, ಎಕ್ಡೈಸೋನ್. 1966ರಲ್ಲಿ ಆಸ್ಟ್ರೇಲಿಯಾದಲ್ಲಿ ಲಾಬ್‌ಸ್ಟರ್ ಬಳಗದ ಪ್ರಾಣಿಯ ಒಂದು ಟನ್ ತ್ಯಾಜ್ಯದಿಂದ ಇದರ ಒಡಹುಟ್ಟು ಸಿಕ್ಕಿತು: ಎರಡೇ ಮಿಲಿಗ್ರಾಂ! ಏಡಿಯ ಮೈಯಲ್ಲಿ ಕೆಲಸ ಮಾಡುವುದೂ ಅದೇ.

ಅದೇ ವರ್ಷ ಜಪಾನಿನ ಕೋಜಿ ನಕಾನಿಶಿ ಅವರಿಗೆ ಮರವೊಂದರ ಎಲೆಯಲ್ಲಿ ಇದೇ ಜಾತಿಯ ವಸ್ತು ಸಿಕ್ಕಿತು. ಪೊರೆಯೇ ಇಲ್ಲದ ಗಿಡಕ್ಕೆ ಇದೇಕೆ? ಕಡಿಯಲು ಬಂದ ಹುಳುವಿಗೆ ಅಕಾಲದಲ್ಲಿ ಜ್ವರ ತರಿಸಲು ಎಂಬುದು ವಿಜ್ಞಾನಿಗಳ ವಿವರಣೆ. ಹುಡುಕಿದಷ್ಟೂ ಗಿಡಗಳು ಸಿಕ್ಕವು. ಋಷಿಪಂಚಮಿಯ ದಿನ ನಮ್ಮ ಹೆಂಗಸರು ಹಲ್ಲುಜ್ಜುವ ಉತ್ತರಣೆ ಕಡ್ಡಿಯ ಗಿಡದಲ್ಲೂ ಇದು ಉಂಟು.

ಆದರೆ ಎಲ್ಲವನ್ನೂ ಮೀರಿಸಿದ್ದು ಯುನ್ನಾನ್ ಪ್ರಾಂತ್ಯದ ‘ಇಬ್ಬನಿ ಹುಲ್ಲು’. ಹೆಸರಷ್ಟೇ ಹುಲ್ಲು, ಬಳಗ ನಮ್ಮ ಕನ್ನೆ ಸೊಪ್ಪಿನದು. ಇದರ ಒಣ ಬೇರಿನಲ್ಲಿ ಈ ವಸ್ತು ನೂರಕ್ಕೆ ಒಂದು ಪಾಲು ಮೀರುವುದುಂಟು. ಅಂದರೆ 500 ಕಿಲೋ ಹುಳುವಿನಿಂದ ಬಂದ 25 ಮಿಲಿಗ್ರಾಂನಷ್ಟು ಎರಡೂವರೆ ಗ್ರಾಂ ಬೇರಿನಲ್ಲೇ ಇದೆ! ಹುಳು ಅರೆಯುವ ಕಾಲ ಅಲ್ಲಿಗೆ ಮುಗಿಯಿತು. ಹಾರ್ಮೋನು ಮೇವಿನ ಚೀಲಕ್ಕೆ ಬೀಳುವಷ್ಟು ಅಗ್ಗವಾಯಿತು.

ನಮ್ಮಲ್ಲೂ ಅದು ಬಳಕೆಗೆ ಬಂದಿದೆ, ಏಡಿಗಲ್ಲ, ರೇಷ್ಮೆಗೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯ ‘ಸಂಪೂರ್ಣ’ ಇಂಥದ್ದೇ ಸಸ್ಯಸತ್ವ. ಒಂದಿಷ್ಟು ಹುಳು ಹಣ್ಣಾದಾಗ ಸೊಪ್ಪಿಗೆ ಸಿಂಪಡಿಸಿದರೆ ಉಳಿದವೂ ಜೊತೆಗೇ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಏರುತ್ತವೆ.

ಏಡಿ ಸಾಕುವವರು ಒಂದನ್ನು ಮರೆಯಬಾರದು. ಮೇವಿಗೆ ಬೆರೆಸುವ ಈ ಸತ್ವ ಪೊರೆ ಬಿಡುವ ಗಳಿಗೆಯನ್ನು ಹೇಳುತ್ತದೆಯೇ ಹೊರತು ಮೈ ತುಂಬಿಸುವುದಿಲ್ಲ. ಹೊಟ್ಟೆಗೆ ಮೀನು, ಕಾಳು, ಸುಣ್ಣದಂಶ ಬೀಳದೆ ಇದನ್ನಷ್ಟೇ ಸುರಿದರೆ ಏಡಿ ಅರ್ಧ ಕಳಚಿದ ಚಿಪ್ಪಿನಲ್ಲೇ ಸಿಕ್ಕಿಕೊಂಡು ಸಾಯಬಹುದು.