ಮಕ್ಕಳ ಆಟಕ್ಕೆ ಡೆಸ್ಕ್‌ಟಾಪೋ, ಲ್ಯಾಪ್‌ಟಾಪೋ?

ಮನೆಗೆ ಒಂದು ವಸ್ತು ಬರುವಾಗ ಅದರ ಬೆಲೆಯನ್ನು ಮಾತ್ರ ನೋಡಿದರೆ ಸಾಲದು. ಅದು ಯಾವ ಮೂಲೆಯಲ್ಲಿ ನೆಲೆಸುತ್ತದೆ, ಯಾರ ಕಣ್ಣೆದುರಿಗೆ ಇರುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದನ್ನೂ ನೋಡಬೇಕೆಂದು ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು. ಹಸು ಕೊಳ್ಳುವಾಗಲೂ ಹೊಲಿಗೆ ಯಂತ್ರ ಕೊಳ್ಳುವಾಗಲೂ ಹೇಳುತ್ತಿದ್ದ ಈ ಮಾತು ಇಂದಿನ ಗಣಕಯಂತ್ರಕ್ಕೂ ಸಲ್ಲುತ್ತದೆ ಎಂಬುದನ್ನು ನಾವು ಸ್ವಲ್ಪ ತಡವಾಗಿ, ಹಣ ಕಳೆದುಕೊಂಡ ಮೇಲೆ ಅರಿತೆವು.

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ಅನೇಕ ಮನೆಗಳಲ್ಲಿ ಒಂದು ಬೇಡಿಕೆ ತಲೆಯೆತ್ತುತ್ತದೆ. ಅದು ಗೇಮಿಂಗ್ ಲ್ಯಾಪ್‌ಟಾಪಿನ ಬೇಡಿಕೆ. ಓದಿಗೆ ಬೇಕೆಂದು ಮಕ್ಕಳು ಹೇಳುತ್ತಾರೆ. ಆಟಕ್ಕೂ ಬೇಕೆಂಬುದು ಹೆತ್ತವರಿಗೆ ತಿಳಿದಿರುತ್ತದೆ. ಗೆಳೆಯರೊಡನೆ ಇಂಟರ್‌ನೆಟ್ ಮೂಲಕ ಆಡುವ ಆಟಗಳು ಇಂದು ಕೇವಲ ಕಾಲಹರಣವಾಗಿ ಉಳಿದಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಇ-ಸ್ಪೋರ್ಟ್ಸ್ ಸ್ಪರ್ಧೆಗಳಿಗೆ ಪದಕಗಳನ್ನು ನೀಡಲಾಯಿತು. ಆದುದರಿಂದ ಬೇಡಿಕೆಯನ್ನು ಗದರಿಸಿ ತಳ್ಳಿಹಾಕುವುದಕ್ಕಿಂತ ವಿಚಾರಿಸಿ ತೀರ್ಮಾನಿಸುವುದು ಲೇಸು.

2019ರಲ್ಲಿ ನಮ್ಮ ಹಿರಿಯ ಮಗ ಇಂಜಿನಿಯರಿಂಗ್ ಸೇರಿದಾಗ ನಾವು ಹಾಗೆ ವಿಚಾರಿಸಲಿಲ್ಲ. ಮನೆಯಾಕೆ ಕಟ್ಟಿದ್ದ ಚೀಟಿಯ ಹಣ ಕೈಗೆ ಬಂದಿತ್ತು. ಅದರಲ್ಲಿ ಲ್ಯಾಪ್‌ಟಾಪ್ ಕೊಡಿಸಿದೆವು. ಕಾಲೇಜು ಊರಿನಲ್ಲೇ ಇದ್ದುದರಿಂದ ಅವನು ಅದನ್ನು ಹೊರಗೆ ಒಯ್ದ ದಿನಗಳು ಬೆರಳೆಣಿಕೆಯಷ್ಟು. ಕೋಣೆಯ ಬಾಗಿಲು ಮುಚ್ಚಿ, ಹಾಸಿಗೆಯ ಮೇಲಿಟ್ಟೇ ಆಡುತ್ತಿದ್ದ. ತಳದ ಗಾಳಿಕಿಂಡಿಗಳನ್ನು ಹಾಸಿಗೆ ಮುಚ್ಚುತ್ತಿತ್ತು. ಮೂರನೆಯ ಬೇಸಿಗೆಯಲ್ಲಿ ಯಂತ್ರ ಕಾದು ಕಾದು ಒಂದು ದಿನ ಆರಿಹೋಯಿತು. ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ ಬೆಸೆದಿರುವುದರಿಂದ ಇಡೀ ಬೋರ್ಡನ್ನೇ ಬದಲಿಸಬೇಕೆಂದು ರಿಪೇರಿಯವರು ತಿಳಿಸಿದರು. ಅವರು ಹೇಳಿದ ಮೊತ್ತ ಹೊಸ ಯಂತ್ರದ ಅರ್ಧ ಬೆಲೆಗೆ ಸಮೀಪವಾಗಿತ್ತು. ವಾರಂಟಿಯೂ ಮುಗಿದಿತ್ತು.

2023ರಲ್ಲಿ ನಮ್ಮ ಮಗಳು ತನ್ನ ಗೆಳತಿಯರೊಡನೆ ಆಡಲು ಒಂದು ಕಂಪ್ಯೂಟರ್ ಕೇಳಿದಾಗ ನಾವು ಒಂದೇ ಮಾತಿಗೆ ಆಗದೆಂದೆವು. ಅವಳು ಅಳಲಿಲ್ಲ, ರೇಗಲಿಲ್ಲ. "ಅಣ್ಣನ ಲ್ಯಾಪ್‌ಟಾಪ್ ಕೆಟ್ಟದ್ದಕ್ಕೆ ನನಗ್ಯಾಕೆ ಶಿಕ್ಷೆ, ಅಪ್ಪಾಜಿ?" ಎಂದಷ್ಟೇ ಕೇಳಿದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ನಾವು ವಿಚಾರಿಸಲು ತೊಡಗಿದೆವು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಸುತ್ತಿದೆವು. ತಿಳಿದುಬಂದ ಸಂಗತಿಗಳನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲನೆಯದು ಶಾಖದ ವಿಚಾರ. ಆಟದ ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಚಿಪ್ ಬಹಳ ವಿದ್ಯುತ್ತನ್ನು ಬಳಸುತ್ತದೆ. ಬಳಸಿದ ವಿದ್ಯುತ್ತೆಲ್ಲ ಶಾಖವಾಗುತ್ತದೆ. ಡೆಸ್ಕ್‌ಟಾಪಿನ ಕ್ಯಾಬಿನೆಟ್ಟಿನಲ್ಲಿ ದೊಡ್ಡ ಫ್ಯಾನುಗಳಿಗೂ ಗಾಳಿಯ ಸಂಚಾರಕ್ಕೂ ಸ್ಥಳವಿದೆ. ಲ್ಯಾಪ್‌ಟಾಪಿನ ತೆಳ್ಳನೆಯ ಒಡಲಲ್ಲಿ ಅದಿಲ್ಲ. ಆದುದರಿಂದ ಬಿಸಿ ಮಿತಿಮೀರಿದಾಗ ಲ್ಯಾಪ್‌ಟಾಪ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಟ ಮೊದಲು ಸರಾಗವಾಗಿದ್ದು, ಅರ್ಧ ಗಂಟೆಯ ಬಳಿಕ ತಡವರಿಸಲು ಇದೇ ಕಾರಣವಿರಬಹುದು.

ಎರಡನೆಯದು ಹೆಸರಿನ ವಿಚಾರ. ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಡೆಸ್ಕ್‌ಟಾಪ್ ಕಾರ್ಡಿಗೂ ಲ್ಯಾಪ್‌ಟಾಪ್ ಚಿಪ್ಪಿಗೂ ಒಂದೇ ಹೆಸರಿರುತ್ತದೆ, ಹೂರಣ ಬೇರೆ. ಎನ್ವಿಡಿಯಾ ಕಂಪನಿ 2023ರಲ್ಲಿ ಬಿಡುಗಡೆ ಮಾಡಿದ ಆರ್‌ಟಿಎಕ್ಸ್ 4070 ಇದಕ್ಕೆ ಒಳ್ಳೆಯ ನಿದರ್ಶನ. ಡೆಸ್ಕ್‌ಟಾಪಿಗೆ ಬಂದುದರಲ್ಲಿ 12 ಜಿಬಿ ಸ್ಮೃತಿಕೋಶವಿತ್ತು, ಅದು 200 ವ್ಯಾಟ್‌ವರೆಗೆ ಶಕ್ತಿ ಬಳಸುತ್ತಿತ್ತು. ಅದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪಿನಲ್ಲಿ ಇದ್ದುದು 8 ಜಿಬಿ ಮಾತ್ರ. ಶಕ್ತಿಯ ಮಿತಿ ಲ್ಯಾಪ್‌ಟಾಪಿನ ವಿನ್ಯಾಸಕ್ಕೆ ತಕ್ಕಂತೆ 35ರಿಂದ 115 ವ್ಯಾಟ್. ಹೀಗೆ ಒಂದೇ ಹೆಸರಿನ ಎರಡು ಲ್ಯಾಪ್‌ಟಾಪುಗಳ ನಡುವೆಯೂ ಬಹಳ ಅಂತರವಿರಬಹುದು. ಅಂಗಡಿಯಲ್ಲಿ "ಯಾವ ಕಾರ್ಡು?" ಎಂದಷ್ಟೇ ಕೇಳದೆ, "ಎಷ್ಟು ವ್ಯಾಟ್?" ಎಂದೂ ಕೇಳತಕ್ಕದ್ದು.

ಮೂರನೆಯದು ಬಾಳಿಕೆ. ಡೆಸ್ಕ್‌ಟಾಪಿನಲ್ಲಿ ಕೆಟ್ಟ ಭಾಗವನ್ನು ಮಾತ್ರ ತೆಗೆದು ಹೊಸದನ್ನು ಕೂಡಿಸಬಹುದು. ಪವರ್ ಸಪ್ಲೈ ಸುಟ್ಟರೆ ಪವರ್ ಸಪ್ಲೈ, ಕೀಬೋರ್ಡ್ ಕೆಟ್ಟರೆ ಕೀಬೋರ್ಡ್. ಶಕ್ತಿ ಸಾಲದಾದಾಗ ಇಡೀ ಯಂತ್ರವನ್ನು ಬದಲಿಸಬೇಕಾಗಿಲ್ಲ. ಎಎಂಡಿ ಕಂಪನಿಯ ಎಎಂ4 ಎಂಬ ಬಗೆಯ ಮದರ್‌ಬೋರ್ಡನ್ನು 2017ರಲ್ಲಿ ಕೊಂಡವರಲ್ಲಿ ಅನೇಕರು, 2022ರಲ್ಲಿ ಬಂದ ಹೊಸ ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂಡಿಸಿಕೊಂಡರು. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ರ‍್ಯಾಮ್ ಮತ್ತು ಎಸ್‌ಎಸ್‌ಡಿಗಳನ್ನು ಮಾತ್ರ ಬದಲಿಸಬಹುದು. ಕೆಲವು ತೆಳು ಮಾದರಿಗಳಲ್ಲಿ ರ‍್ಯಾಮ್ ಕೂಡ ಬೆಸೆದೇ ಇರುತ್ತದೆ.

ಹೀಗೆಂದು ಯಂತ್ರಕ್ಕೆ ಹಣ ಸುರಿದ ಮಾತ್ರಕ್ಕೆ ಆನ್‌ಲೈನ್ ಆಟ ಚೆನ್ನಾಗಿ ನಡೆಯುವುದಿಲ್ಲ. ಇಂತಹ ಆಟದಲ್ಲಿ ಇಂಟರ್‌ನೆಟ್ಟಿನ ವೇಗಕ್ಕಿಂತ ಸಂದೇಶ ಹೋಗಿಬರಲು ಹಿಡಿಯುವ ಕಾಲ ಮುಖ್ಯ. ಮಕ್ಕಳು ಪಿಂಗ್ ಎನ್ನುವುದು ಇದನ್ನೇ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಆಟದ ಸರ್ವರ್ 1000 ಕಿಲೋಮೀಟರ್ ದೂರದಲ್ಲಿದ್ದರೆ ಹೋಗಿಬರುವುದಕ್ಕೆ ಕನಿಷ್ಠ 10 ಮಿಲಿಸೆಕೆಂಡು ಬೇಕೇಬೇಕು. ಎಷ್ಟು ಬೆಲೆಯ ಯಂತ್ರವೂ ಇದನ್ನು ತಗ್ಗಿಸಲಾರದು. ಮನೆಯೊಳಗೆ ಗೋಡೆಗಳನ್ನು ದಾಟಿ ಬರುವ ವೈಫೈ ಇದಕ್ಕೆ ಮತ್ತಷ್ಟು ಏರುಪೇರನ್ನು ಸೇರಿಸುತ್ತದೆ. ರೂಟರಿನಿಂದ ನೇರವಾಗಿ ಒಂದು ಲ್ಯಾನ್ ಕೇಬಲ್ ಎಳೆದರೆ ಅಲ್ಪ ಖರ್ಚಿನಲ್ಲಿ ಈ ತೊಂದರೆ ಬಹುಮಟ್ಟಿಗೆ ತಗ್ಗುತ್ತದೆ. ಒಂದೇ ಸ್ಥಳದಲ್ಲಿ ನಿಲ್ಲುವ ಡೆಸ್ಕ್‌ಟಾಪಿಗೆ ಇದು ಸಹಜವಾಗಿ ಒಪ್ಪುತ್ತದೆ.

ಇನ್ನು ವಿದ್ಯುತ್ತಿನ ಪ್ರಶ್ನೆ. ಇಲ್ಲಿ ಲ್ಯಾಪ್‌ಟಾಪಿನದೇ ಮೇಲುಗೈ. ಕರೆಂಟು ಹೋದರೂ ಅದು ಆರುವುದಿಲ್ಲ. ಆದರೆ ಬ್ಯಾಟರಿಯಲ್ಲಿ ಆಟದ ವೇಗ ಕುಗ್ಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಡೆಸ್ಕ್‌ಟಾಪಿಗೆ ಯುಪಿಎಸ್ ಅಗತ್ಯ, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಆಟವಾಡುವಾಗ 350 ವ್ಯಾಟ್ ಬಳಸುವ ಡೆಸ್ಕ್‌ಟಾಪನ್ನು ದಿನಕ್ಕೆ 2 ಗಂಟೆ ನಡೆಸಿದರೆ ತಿಂಗಳಿಗೆ ಸುಮಾರು 21 ಯೂನಿಟ್ ಆಗುತ್ತದೆ. ಲ್ಯಾಪ್‌ಟಾಪಿಗೆ ಬಹುತೇಕ ಅದರ ಅರ್ಧ ಸಾಕು.

ಹಾಗಾದರೆ ಲ್ಯಾಪ್‌ಟಾಪ್ ಯಾರಿಗೆ? ಹಾಸ್ಟೆಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇದ್ದು ಓದುವವರಿಗೆ, ತರಗತಿಗೆ ಯಂತ್ರ ಒಯ್ಯಲೇಬೇಕಾದವರಿಗೆ ಅದೇ ಸರಿ. ಅಂಥವರು ಅದನ್ನು ಗಟ್ಟಿಯಾದ ಮೇಜಿನ ಮೇಲಿಟ್ಟು ಆಡಬೇಕು, ಕಿಂಡಿಗಳ ಧೂಳನ್ನು ಆಗಾಗ ತೆಗೆಸಬೇಕು. ನಮ್ಮ ಹಿರಿಯ ಮಗನಿಗೆ ಇಷ್ಟನ್ನು ಯಾರೂ ಹೇಳಿರಲಿಲ್ಲ, ನಾವೂ ಹೇಳಲಿಲ್ಲ.

ಮಗಳಿಗೆ ನಾವು ಬಿಡಿಭಾಗಗಳನ್ನು ತಂದು ಡೆಸ್ಕ್‌ಟಾಪನ್ನೇ ಜೋಡಿಸಿದೆವು. ಜೋಡಿಸಿದವನು ಅವಳ ಅಣ್ಣ. ಅದನ್ನು ಇಟ್ಟದ್ದು ಕೋಣೆಯಲ್ಲಲ್ಲ, ಪಡಸಾಲೆಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯು ಹತೋಟಿ ಮೀರಿದ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರಲ್ಲಿ ಜಾರಿಗೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂತಹ ಗೀಳಿಗೆಂದು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ಆರಂಭಿಸಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯಿದೆಯ ಮೂಲಕ ನಿಷೇಧಿಸಿತು. ಆದರೆ ಮುಚ್ಚಿದ ಬಾಗಿಲ ಹಿಂದೆ ನಡೆಯುವುದನ್ನು ಕಾಯಿದೆಗಿಂತ ಮೊದಲು ಮನೆಯವರು ಅರಿಯಬೇಕು. ಪಡಸಾಲೆಯಲ್ಲಿರುವ ಯಂತ್ರಕ್ಕೆ ಕಾವಲುಗಾರ ಬೇಕಾಗಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಮಗಳು ಆಡುತ್ತಿದ್ದರೆ ನಮ್ಮ ತಾಯಿಯವರು ಪಕ್ಕದಲ್ಲಿ ಕುಳಿತು ಹೂ ಕಟ್ಟುತ್ತಾ, "ಈಗ ಯಾರು ಸತ್ತರೇ?" ಎಂದು ವಿಚಾರಿಸುತ್ತಿದ್ದರು. "ನಾನೇ ಅಜ್ಜಿ, ಮುಂದಿನ ಸುತ್ತಿಗೆ ಎದ್ದು ಬರ್ತೀನಿ" ಎಂದು ಅವಳು ನಗುತ್ತಿದ್ದಳು. ಅಣ್ಣ ಆಡಿದ ಮೂರು ವರ್ಷ ಅವನು ಏನು ಆಡುತ್ತಿದ್ದನೆಂಬುದೇ ನಮಗೆ ತಿಳಿದಿರಲಿಲ್ಲ.

2025ರಲ್ಲಿ ಮಗಳು ಓದಿಗಾಗಿ ಪರಸ್ಥಳಕ್ಕೆ ಹೋದಳು. ಓದಿಗೆ ಸಾಕಾಗುವ ಹಗುರವಾದ ಸಾಧಾರಣ ಲ್ಯಾಪ್‌ಟಾಪ್ ಒಂದನ್ನು ಕೊಡಿಸಿದೆವು. ಡೆಸ್ಕ್‌ಟಾಪ್ ಅವಳ ಜೊತೆಗೆ ಹೋಗಲಾರದು. ಅದರ ದೋಷವೇ ಅದು, ಒಪ್ಪಿಕೊಳ್ಳಬೇಕು. ರಜೆಗೆ ಬಂದಾಗ ಅವಳು ಮೊದಲು ಅಜ್ಜಿಯನ್ನು ಮಾತನಾಡಿಸಿ, ಬಳಿಕ ಪಡಸಾಲೆಯ ಆ ಕುರ್ಚಿಗೆ ಹೋಗುತ್ತಾಳೆ. ತಾಯಿಯವರು ಹೂವಿನ ಬುಟ್ಟಿಯನ್ನು ತಂದು ಅಲ್ಲಿಯೇ ಕೂರುತ್ತಾರೆ. ಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳುವುದಕ್ಕಿಂತ ಮೊದಲು ನಿಮ್ಮ ಮಗ ಅಥವಾ ಮಗಳು ಮುಂದಿನ ನಾಲ್ಕು ವರ್ಷ ಎಲ್ಲಿರುತ್ತಾರೆ, ಯಂತ್ರ ಎಲ್ಲಿರುತ್ತದೆ ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಮಾತನಾಡಿಕೊಳ್ಳಿರಿ. ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಎಂಬುದು ಆ ಮಾತಿನಲ್ಲಿಯೇ ನಿರ್ಧಾರವಾಗುತ್ತದೆ.